ಗಡಿಯಾರವೇ ಶಿಫಾರಸು ಪತ್ರವಾಗಿದ್ದ ಜೆಸ್ಸಿ ಓವೆನ್ಸ್

ಬರ್ಲಿನ್ ಒಲಿಂಪಿಕ್ಸ್‌ನ ನಾಲ್ಕು ಚಿನ್ನದ ಪದಕಗಳಿಂದ (1936) ಜಗತ್ತು ಬಲ್ಲ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಅವರ ಬದುಕಿಗೆ ತಿರುವು ದೊರೆತದ್ದು ಪ್ರೌಢಶಾಲೆಯಲ್ಲಿ.

1913ರಲ್ಲಿ ಅಲಬಾಮದ ಬಡ ಗೇಣಿದಾರರ ಮನೆಯಲ್ಲಿ ಜನಿಸಿದ ಅವರು ಕುಟುಂಬದೊಂದಿಗೆ ಕ್ಲೀವ್‌ಲ್ಯಾಂಡ್‌ಗೆ ವಲಸೆ ಬಂದರು. ಶಾಲೆ ಬಿಟ್ಟ ಮೇಲೆ ಪಾದರಕ್ಷೆ ದುರಸ್ತಿ ಅಂಗಡಿಯಲ್ಲಿ ದುಡಿಯಬೇಕಿದ್ದ ಬಾಲಕನಿಗಾಗಿ ತರಬೇತುದಾರ ಚಾರ್ಲ್ಸ್ ರೈಲಿ ಅಭ್ಯಾಸವನ್ನು ಮುಂಜಾನೆಗೆ ಬದಲಿಸಿದರು.

ಇಂದಿನ ವಿದ್ಯಾರ್ಥಿಗಳು ತಮ್ಮ ಆಟದ ವಿಡಿಯೊಗಳನ್ನು ಕಾಲೇಜು ತರಬೇತುದಾರರಿಗೆ ಕಳುಹಿಸುತ್ತಾರೆ. ಓವೆನ್ಸ್ ಬಳಿ ಇದ್ದದ್ದು ಗಡಿಯಾರ ತೋರಿಸಿದ ಅಂಕಿ ಮಾತ್ರ. 1933ರಲ್ಲಿ ಶಿಕಾಗೋದ ರಾಷ್ಟ್ರೀಯ ಪ್ರೌಢಶಾಲಾ ಕೂಟದಲ್ಲಿ 100 ಗಜವನ್ನು 9.4 ಸೆಕೆಂಡುಗಳಲ್ಲಿ ಓಡಿ ಅವರು ವಿಶ್ವದಾಖಲೆಯನ್ನು ಸರಿಗಟ್ಟಿದರು. ಕಾಲೇಜುಗಳು ಸಾಲುಗಟ್ಟಿ ಬಂದವು. ತಂದೆಗೆ ಉದ್ಯೋಗ ದೊರೆತ ಬಳಿಕವೇ ಅವರು ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದರು.

ಆದರೆ ವಿದ್ಯಾರ್ಥಿವೇತನ ಸಿಗಲಿಲ್ಲ. ರಾಜ್ಯ ಶಾಸನಸಭಾ ಭವನದಲ್ಲಿ ಲಿಫ್ಟ್ ನಡೆಸಿ ಓದಿದರು. ಕಪ್ಪುವರ್ಣೀಯರೆಂಬ ಕಾರಣಕ್ಕೆ ಆವರಣದ ಹೊರಗೆ ವಾಸಿಸಬೇಕಾಯಿತು. ಅಂಥ ದಿನಗಳಲ್ಲೇ, 1935ರ ಮೇ 25ರಂದು ಆನ್ ಆರ್ಬರ್‌ನಲ್ಲಿ, ಸುಮಾರು 45 ನಿಮಿಷಗಳಲ್ಲಿ ಮೂರು ವಿಶ್ವದಾಖಲೆ ಸ್ಥಾಪಿಸಿ ಮತ್ತೊಂದನ್ನು ಸರಿಗಟ್ಟಿದರು. ಅಂದಿನ 8.13 ಮೀಟರ್ ಉದ್ದಜಿಗಿತ 1960ರವರೆಗೂ ಅಳಿಯಲಿಲ್ಲ.

ಪದವಿ ಪೂರೈಸದೆ ಕಾಲೇಜು ತೊರೆದಿದ್ದ ಅವರಿಗೆ 1972ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1980ರ ಮಾರ್ಚ್ 31ರಂದು ಅವರು ನಿಧನರಾದರು.