ಶಾಂತಿಯ ಸೇನಾನಿ

ಕೊಡಗಿನ ದಕ್ಷಿಣ ಭಾಗದಲ್ಲಿ, ಕಾಫಿಯ ತೋಟಗಳ ಹಾಗೂ ಬತ್ತದ ಗದ್ದೆಗಳ ನಡುವೆ ವಿರಾಜಪೇಟೆಯೆಂಬ ಊರಿದೆ. ದೊಡ್ಡ ವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ಪೇಟೆಯಿದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಆ ಅರಸನು ಇಲ್ಲಿ ನೆಲೆ ಕೊಟ್ಟನು. ಕೊಡವ, ಕನ್ನಡ, ಮಲಯಾಳ, ಕೊಂಕಣಿ ನುಡಿಗಳು ಇಲ್ಲಿನ ಸಂತೆಯಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಇಲ್ಲಿಯ ಸುತ್ತಣ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತರಾದವರಿಲ್ಲದ ಮನೆತನ ಅಪರೂಪ. ಊರಿನಲ್ಲಿ ವ್ಯಾಜ್ಯವೊಂದು ತಲೆದೋರಿದಾಗ ಎರಡು ಕಡೆಯವರನ್ನೂ ಕರೆದು ಕೂರಿಸಿ, ಸಮಾಧಾನದ ದಾರಿಯನ್ನು ತೋರಿಸುವುದು ನಾಡಿನ ತಕ್ಕರ ಹಾಗೂ ಹಿರಿಯರ ಕರ್ತವ್ಯವೆಂಬುದು ಕೊಡಗಿನ ಹಳೆಯ ಪದ್ಧತಿ. ಇಂಥ ನಾಡಿನಲ್ಲಿ ಜನಿಸಿದ ಯೋಧರೊಬ್ಬರು, ಸೇನೆಯಿಂದ ನಿವೃತ್ತರಾದ ಮೇಲೆ, ಇದೇ ಕರ್ತವ್ಯವನ್ನು ಸಾವಿರಾರು ಮೈಲಿಗಳಾಚೆಯ ದ್ವೀಪವೊಂದರಲ್ಲಿ ನಿರ್ವಹಿಸಿದರು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ಬೆಳೆಗಾರರ ಮನೆತನ. ತಾಯಿ ಸೀತಮ್ಮನವರು ವಿದ್ಯಾವಂತರು, ಸಮಾಜಸೇವೆಯಲ್ಲಿ ಆಸಕ್ತರು. ಕೂನೂರು ಮತ್ತು ಬೆಂಗಳೂರುಗಳಲ್ಲಿ ವ್ಯಾಸಂಗ ಮಾಡಿದ ತಿಮ್ಮಯ್ಯನವರು ಮುಂದೆ ಡೆಹ್ರಾಡೂನಿನ ಸೈನಿಕ ಶಾಲೆಯಲ್ಲಿಯೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿಯೂ ಶಿಕ್ಷಣ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ಭಾರತೀಯರಿಗೆ ಉನ್ನತ ಹುದ್ದೆಗಳು ಸುಲಭವಾಗಿ ದೊರೆಯದಿದ್ದ ಕಾಲವದು. ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮಾದ ಅರಾಕಾನ್ ಪ್ರಾಂತದಲ್ಲಿ ಹೋರಾಡಿದರು. ಯುದ್ಧಭೂಮಿಯಲ್ಲಿ ಪದಾತಿ ಬ್ರಿಗೇಡೊಂದನ್ನು ನಡೆಸಿದ ಮೊದಲ ಭಾರತೀಯರೆಂಬ ಕೀರ್ತಿ ಅವರದಾಯಿತು.

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬು ಹೊತ್ತಿ ಉರಿಯಿತು. ಅಲ್ಲಿ ನಿರಾಶ್ರಿತರನ್ನು ಸುರಕ್ಷಿತವಾಗಿ ಸಾಗಿಸುವ ಹೊಣೆಯಲ್ಲಿ ತಿಮ್ಮಯ್ಯನವರು ಪಾಲ್ಗೊಂಡರು. ಮರುವರ್ಷ ಕಾಶ್ಮೀರದ ಯುದ್ಧ. 1948ರ ನವೆಂಬರ್ 1ರಂದು, 11,000 ಅಡಿಗೂ ಮೀರಿದ ಜೋಜಿಲಾ ಕಣಿವೆಗೆ ಅವರು ಟ್ಯಾಂಕುಗಳನ್ನು ಕೊಂಡೊಯ್ದು ಶತ್ರುವನ್ನು ಬೆರಗುಗೊಳಿಸಿದರು. ಲೇಹ್ ನಗರದ ಹಾದಿ ಅದರಿಂದ ತೆರೆಯಿತು. ಯುದ್ಧದಲ್ಲಿ ಗೆಲ್ಲಬಲ್ಲ ದಂಡನಾಯಕರೆಂಬುದು ಹೀಗೆ ಸಿದ್ಧವಾಯಿತು. ಆದರೆ ಅವರ ಹೆಸರು ಜಗತ್ತಿಗೆ ಪರಿಚಯವಾದದ್ದು ಬೇರೊಂದು ಬಗೆಯ ಕೆಲಸದಿಂದ.

1953ರಲ್ಲಿ ಕೊರಿಯಾದ ಯುದ್ಧ ನಿಂತಾಗ ಯುದ್ಧಕೈದಿಗಳ ಪ್ರಶ್ನೆ ಉಳಿದುಕೊಂಡಿತು. ಚೀನೀ ಹಾಗೂ ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಕೈದಿಗಳು ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರ ವಿಷಯವನ್ನು ನೋಡಿಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚಿತವಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಸೈನಿಕರು ತಮ್ಮ ನೆಲವನ್ನು ಮೆಟ್ಟಕೂಡದೆಂದು ಹಟ ಹಿಡಿದುದರಿಂದ, ಅವರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಎರಡು ಪಕ್ಷದವರೂ ಆಯೋಗವನ್ನು ಶಂಕಿಸಿದರು, ದೂರಿದರು. ಆದರೂ ಯಾವ ಕೈದಿಯನ್ನೂ ಅವನ ಇಚ್ಛೆಗೆ ವಿರುದ್ಧವಾಗಿ ಬಲಾತ್ಕಾರದಿಂದ ಕಳುಹಿಸಬಾರದೆಂಬ ನಿಯಮವನ್ನು ತಿಮ್ಮಯ್ಯನವರು ಬಿಡಲಿಲ್ಲ. ಭಾರತ ಸರ್ಕಾರ 1954ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. 1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು.

ಮೂವತ್ತೈದು ವರ್ಷಗಳ ಸೇವೆ ಸಲ್ಲಿಸಿದವರು ವಿಶ್ರಾಂತಿಯನ್ನು ಬಯಸಿದರೆ ತಪ್ಪೇನೂ ಇರಲಿಲ್ಲ. ಆದರೆ 1964ರಲ್ಲಿ ವಿಶ್ವಸಂಸ್ಥೆಯ ಕರೆ ಬಂದಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಗಿತ್ತು. ಅಲ್ಲಿನ ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಗ್ರೀಕರು. ಉಳಿದವರಲ್ಲಿ ಹೆಚ್ಚಿನವರು ತುರ್ಕರು. 1963ರ ಡಿಸೆಂಬರಿನಲ್ಲಿ ಈ ಎರಡು ಸಮುದಾಯಗಳ ನಡುವೆ ಕೊಲೆ ಸುಲಿಗೆಗಳು ಆರಂಭವಾದವು. ರಾಜಧಾನಿ ನಿಕೋಸಿಯಾದ ನಡುವೆ, ನಕ್ಷೆಯ ಮೇಲೆ ಹಸಿರು ಸೀಸದ ಕಡ್ಡಿಯಿಂದ ಎಳೆದ ಗೆರೆಯೊಂದು ನೆರೆಹೊರೆಯವರನ್ನು ಬೇರ್ಪಡಿಸಿತು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಿತು. ಭಾರತದವರೇ ಆದ ಜನರಲ್ ಗ್ಯಾನಿಯವರ ತರುವಾಯ, ಜುಲೈ ತಿಂಗಳಲ್ಲಿ ತಿಮ್ಮಯ್ಯನವರು ಆ ಪಡೆಯ ನಾಯಕತ್ವವನ್ನು ವಹಿಸಿಕೊಂಡರು.

ಕೆನಡಾ, ಐರ್ಲೆಂಡ್, ಬ್ರಿಟನ್, ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್ ದೇಶಗಳ ಸೈನಿಕರು ಆ ಪಡೆಯಲ್ಲಿದ್ದರು. ಆತ್ಮರಕ್ಷಣೆಗಲ್ಲದೆ ಅವರು ಬಂದೂಕನ್ನು ಬಳಸುವಂತಿರಲಿಲ್ಲ. ಗೆಲ್ಲಬೇಕಾದ ಶತ್ರು ಅಲ್ಲಿರಲಿಲ್ಲ. ಪರಸ್ಪರ ಹೆದರಿದ ಎರಡು ಸಮುದಾಯಗಳಿದ್ದವು. ಎದುರುಬದುರಾದ ಕಾವಲು ಠಾಣೆಗಳ ನಡುವಿನ ಹೊಲಗಳಲ್ಲಿ ಪೈರು ಬೆಳೆದು ನಿಂತಿದ್ದರೂ ರೈತರು ಕೊಯ್ಲಿಗೆ ಇಳಿಯಲು ಅಂಜುತ್ತಿದ್ದರು. ಶಾಂತಿಪಡೆಯ ಸೈನಿಕರು ಹೊಲದ ಬದಿಯಲ್ಲಿ ಕಾವಲು ನಿಂತರೆ ಮಾತ್ರ ಕೊಯ್ಲು ನಡೆಯುತ್ತಿತ್ತು. ನಿಕೋಸಿಯಾದಿಂದ ಉತ್ತರ ತೀರದ ಕಿರೀನಿಯಾಕ್ಕೆ ಹೋಗುವ ರಸ್ತೆ ತುರ್ಕರ ವಶದಲ್ಲಿದ್ದು, ಗ್ರೀಕರಿಗೆ ಮುಚ್ಚಿಹೋಗಿತ್ತು. 1964ರ ಅಕ್ಟೋಬರಿನಲ್ಲಿ ಆ ರಸ್ತೆ ಶಾಂತಿಪಡೆಯ ಕೈಗೆ ಬಂದಿತು. ಅದರ ರಕ್ಷಣೆಯಲ್ಲಿ ಗ್ರೀಕರ ವಾಹನಗಳು ಸಾಲಾಗಿ ಸಂಚರಿಸತೊಡಗಿದವು. ಆಹಾರ, ನೀರು, ವಿದ್ಯುತ್ತು ಇವುಗಳಿಗಾಗಿ ಹುಟ್ಟುವ ಸಣ್ಣ ಜಗಳಗಳನ್ನು ಅಲ್ಲಲ್ಲಿಯೇ ಮಾತುಕತೆಯಿಂದ ಬಗೆಹರಿಸುವುದೂ ಸೈನಿಕರ ದಿನಚರಿಯಾಯಿತು. ಸಣ್ಣ ಜಗಳವೊಂದು ಹತ್ಯಾಕಾಂಡವಾಗಲು ಅಲ್ಲಿ ಒಂದು ಗುಂಡು ಸಾಕಾಗಿತ್ತು.

ಈ ಕೆಲಸ ಎಷ್ಟು ಕಠಿನವೆಂಬುದು ಬಹುಬೇಗ ತಿಳಿದುಬಂದಿತು. ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡ ಮರುತಿಂಗಳೇ ದ್ವೀಪದ ವಾಯವ್ಯ ಭಾಗದಲ್ಲಿ ಘೋರ ಕಾಳಗ ನಡೆಯಿತು. ತುರ್ಕಿಯ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಭದ್ರತಾ ಸಮಿತಿಯ ಕರೆಗೆ ಎರಡು ಕಡೆಯವರೂ ಓಗೊಟ್ಟು ಕದನವನ್ನು ನಿಲ್ಲಿಸಿದರು. ದ್ವೀಪದ ಅಧ್ಯಕ್ಷರಾದ ಆರ್ಚ್‌ಬಿಷಪ್ ಮಕಾರಿಯೋಸರೊಡನೆಯೂ ತುರ್ಕರ ನಾಯಕರಾದ ಡಾಕ್ಟರ್ ಕುಚುಕರೊಡನೆಯೂ ತಿಮ್ಮಯ್ಯನವರು ಸಮಭಾವದಿಂದ ವ್ಯವಹರಿಸಬೇಕಾಗಿತ್ತು. ಒಬ್ಬರ ಕಡೆಗೆ ವಾಲಿದರೆಂಬ ಸಂಶಯ ಮೂಡಿದ ದಿನವೇ ಅವರ ಮಾತಿನ ಬೆಲೆ ಇಲ್ಲವಾಗುತ್ತಿತ್ತು. ರಣರಂಗದಲ್ಲಿ ಮುನ್ನುಗ್ಗಲು ಧೈರ್ಯ ಬೇಕು; ಕೈಯಲ್ಲಿ ಆಯುಧವಿದ್ದೂ ಅದನ್ನು ತಡೆಹಿಡಿಯಲು ಅದಕ್ಕಿಂತ ಮಿಗಿಲಾದ ಧೈರ್ಯ ಬೇಕು.

1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ, ಕರ್ತವ್ಯದಲ್ಲಿದ್ದಾಗಲೇ, ತಿಮ್ಮಯ್ಯನವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 59 ವರ್ಷ. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಲಾಯಿತು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಅಲ್ಲಿನ ಲಾರ್ನಕಾ ನಗರದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರ ಮನೆಯಾಗಿದ್ದ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು.

ಸೈಪ್ರಸ್ಸಿನ ಒಡಕು ಅವರ ಕಾಲಕ್ಕೆ ಮುಗಿಯಲಿಲ್ಲ. 1974ರಲ್ಲಿ ತುರ್ಕಿಯ ಸೇನೆ ದ್ವೀಪಕ್ಕೆ ಇಳಿಯಿತು, ನಾಡು ಇಬ್ಭಾಗವಾಯಿತು. ಆರು ದಶಕಗಳು ಕಳೆದರೂ ಶಾಂತಿಪಡೆ ಅಲ್ಲಿಂದ ಹಿಂದಿರುಗಿಲ್ಲ. ಹಾಗೆಂದು ತಿಮ್ಮಯ್ಯನವರ ಶ್ರಮ ವ್ಯರ್ಥವಾಯಿತೆನ್ನಲಾಗದು. ಅವರ ಪಡೆಯ ಕಾವಲಿನಲ್ಲಿ ಕೊಯ್ದ ಪೈರು ಮನೆ ಸೇರಿತು. ತೆರೆದ ರಸ್ತೆಯಲ್ಲಿ ಹೊರಟವರು ಊರು ಮುಟ್ಟಿದರು. ಸೈನಿಕನ ಸೇವೆ ಸಮವಸ್ತ್ರವನ್ನು ಕಳಚಿದ ದಿನ ಕೊನೆಗೊಳ್ಳುವುದಿಲ್ಲ. ನೆರೆಯವರಿಬ್ಬರ ನಡುವೆ ಹಗೆ ಹೊಗೆಯಾಡುವಾಗ ಪಕ್ಷಪಾತವಿಲ್ಲದೆ ನಡುವೆ ನಿಲ್ಲುವುದೂ ದೇಶಸೇವೆಯೇ ಎಂಬುದಕ್ಕೆ ತಿಮ್ಮಯ್ಯನವರ ಬಾಳು ಸಾಕ್ಷಿಯಾಗಿದೆ.