ಟುಲಿಯೋ ಕಂಪಾನ್ಯೋಲೋ: ಬಿಚ್ಚೋಕೆ ಬರೋ ಹಾಗೆ ಕಟ್ಟಿದವರು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ವೈವಾಗೆ ಎರಡು ದಿನ ಮುಂಚೆ ಕೈ ಕೊಡ್ತು. ಒಳಗೆ ಎಲ್ಲೋ ಒಂದು ವೈರ್ ಬಿಟ್ಟಿತ್ತು, ಅಷ್ಟೇ. ಆದ್ರೆ ಡಬ್ಬಿಯನ್ನ ನಾವೇ ಗ್ಲೂ ಗನ್‌ನಿಂದ ಸುತ್ತಲೂ ಅಂಟಿಸಿಬಿಟ್ಟಿದ್ವಿ, ನೋಡೋಕೆ ನೀಟಾಗಿರಲಿ ಅಂತ. ಕೊನೆಗೆ ಬಿಚ್ಚೋಕೆ ಆಗದೆ ಒಡೆದೇ ಹಾಕಬೇಕಾಯ್ತು. ಆ ಬೇಜಾರಲ್ಲಿ ರಜೆಗೆ ಊರಿಗೆ ಹೋದವನು ಹಳೇ ಸ್ಟೀಲ್ ರೋಡ್ ಬೈಕ್‌ಗಳನ್ನ ರಿಪೇರಿ ಮಾಡೋ ವಿಡಿಯೋಗಳನ್ನ ನೋಡ್ತಾ ಕೂತೆ. ಐವತ್ತು ವರ್ಷ ಹಳೇ ಸೈಕಲ್ಲು, ಮೈಯೆಲ್ಲಾ ತುಕ್ಕು. ಆದ್ರೂ ಒಂದೊಂದೇ ಪಾರ್ಟ್ ಸಲೀಸಾಗಿ ಬಿಚ್ಚಿಕೊಳ್ತಿತ್ತು. ತೊಳೆದು, ಗ್ರೀಸ್ ಹಚ್ಚಿ, ವಾಪಸ್ ಜೋಡಿಸಿದ್ರೆ ಚಕ್ರ ಹೊಸದರ ಹಾಗೆ ತಿರುಗ್ತಿತ್ತು. ಆ ಪಾರ್ಟ್‌ಗಳ ಮೇಲೆ ಮತ್ತೆ ಮತ್ತೆ ಒಂದೇ ಹೆಸರು ಕಾಣಿಸ್ತಿತ್ತು, ಕಂಪಾನ್ಯೋಲೋ. ಅದು ಯಾವುದೋ ಊರಿನ ಹೆಸರು ಅಂದ್ಕೊಂಡಿದ್ದೆ. ಅದೊಬ್ಬ ಮನುಷ್ಯನ ಹೆಸರು ಅಂತ ಆಮೇಲೆ ಗೊತ್ತಾಯ್ತು.

ಟುಲಿಯೋ ಕಂಪಾನ್ಯೋಲೋ ಹುಟ್ಟಿದ್ದು 1901ರ ಆಗಸ್ಟ್ 26ರಂದು, ಇಟಲಿಯ ವಿಚೆಂಜಾ ಅನ್ನೋ ಊರಲ್ಲಿ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಬೀಗ, ಚಿಲಕಗಳ ನಡುವೆ ಬೆಳೆದ ಹುಡುಗ. ನಮ್ಮ ಹಾಗೆ ನಾಲ್ಕು ವರ್ಷ ಕ್ಲಾಸಲ್ಲಿ ಕೂತು ಎಂಜಿನಿಯರಿಂಗ್ ಕಲಿತವರಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ, ಹಾಳು ಮಾಡಿ ಕಲಿತವರು. ಇಪ್ಪತ್ತರ ಆಸುಪಾಸಿನಲ್ಲಿ ಅವರಿಗೆ ಸೈಕಲ್ ರೇಸಿನ ಹುಚ್ಚು ಹತ್ತಿತು. ಹವ್ಯಾಸಿ ರೇಸರ್ ಆಗಿ ಸುತ್ತಮುತ್ತಲಿನ ಸ್ಪರ್ಧೆಗಳಲ್ಲಿ ಓಡಿಸೋಕೆ ಶುರು ಮಾಡಿದ್ರು.

ಆ ಕಾಲದ ರೇಸ್ ಸೈಕಲ್ ಹೇಗಿತ್ತು ಅಂತ ತಿಳ್ಕೊಂಡ್ರೆ ಮುಂದಿನ ಕತೆ ಅರ್ಥ ಆಗುತ್ತೆ. ಈಗಿನ ತರ ಬೆರಳಲ್ಲಿ ಕ್ಲಿಕ್ ಮಾಡಿ ಗೇರ್ ಬದಲಿಸೋದು ಇರಲಿಲ್ಲ. ಹಿಂದಿನ ಚಕ್ರದ ಎರಡೂ ಬದಿಯಲ್ಲಿ ಬೇರೆ ಬೇರೆ ಸೈಜಿನ ಹಲ್ಲಿನ ಚಕ್ರ ಇರ್ತಿತ್ತು. ಏರು ಬಂತು ಅಂದ್ರೆ ಸೈಕಲ್ ಇಳಿದು, ಹಿಂದಿನ ಚಕ್ರದ ರೆಕ್ಕೆ ನಟ್ಟುಗಳನ್ನ ಸಡಿಲ ಮಾಡಿ, ಚಕ್ರ ತೆಗೆದು, ತಿರುಗಿಸಿ ಹಾಕಿ, ಮತ್ತೆ ಬಿಗಿ ಮಾಡಿ ಹತ್ತಬೇಕು. ಟೂರ್ ದ ಫ್ರಾನ್ಸ್ ರೇಸಿನಲ್ಲಂತೂ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ.

ಇನ್ನು ಎಲ್ಲರೂ ಹೇಳೋ ಕತೆ. 1927ರ ನವೆಂಬರ್ 11, ಗ್ರಾನ್ ಪ್ರೆಮಿಯೋ ದೆಲ್ಲಾ ವಿತ್ತೋರಿಯಾ ಅನ್ನೋ ರೇಸ್. ಕ್ರೋಚೆ ದಾವ್ನೆ ಅನ್ನೋ ಘಾಟಿಯಲ್ಲಿ ಹಿಮ ಬೀಳ್ತಿತ್ತು. ಟುಲಿಯೋ ಗೇರ್ ಬದಲಿಸೋಕೆ ಅಂತ ಇಳಿದ್ರು. ಆದ್ರೆ ಚಳಿಗೆ ಬೆರಳು ಮರಗಟ್ಟಿ ರೆಕ್ಕೆ ನಟ್ಟು ಅಲುಗಾಡಲೇ ಇಲ್ಲ. ಉಳಿದವರು ಮುಂದೆ ಹೋದ್ರು, ಇವರು ರೇಸ್ ಸೋತ್ರು. ಅವತ್ತೇ ಹಿಂದಿನ ಚಕ್ರಕ್ಕೆ ಏನಾದ್ರೂ ಮಾಡಲೇಬೇಕು ಅಂತ ತೀರ್ಮಾನ ಮಾಡಿದ್ರು ಅಂತ ಕತೆ. ಆ ಘಾಟಿಯಲ್ಲಿ ಈಗ ಅವರ ಸ್ಮಾರಕ ಕೂಡ ಇದೆ.

ಈ ಕತೆ ಕೇಳೋಕೆ ಸಿನಿಮಾ ತರ ಇದೆ ಅಲ್ವಾ? ನನಗೂ ಹಾಗೇ ಅನ್ನಿಸ್ತು. ಸೈಕಲ್ ಇತಿಹಾಸ ಬರೆಯೋರಲ್ಲಿ ಕೆಲವರಿಗೂ ಅನುಮಾನ ಬಂದು, ಹಳೇ ರೇಸ್ ವರದಿ, ಪೇಟೆಂಟ್ ದಾಖಲೆ ಎಲ್ಲ ಹುಡುಕಿದ್ದಾರೆ. ಕತೆಯ ವಿವರಗಳು ದಾಖಲೆ ಜೊತೆ ಸರಿಯಾಗಿ ಕೂರಲ್ಲ ಅನ್ನೋದು ಅವರ ವಾದ. ಹಾಗಾದ್ರೆ ಯಾವುದನ್ನ ನಂಬೋದು? ಹಳೇ ಸೈಕಲ್ ರಿಪೇರಿ ಮಾಡೋರಿಗೆ ಒಂದು ನಿಯಮ ಇದೆ: ಪೇಂಟ್ ಮತ್ತು ಸ್ಟಿಕ್ಕರನ್ನ ನಂಬಬೇಡ, ಲೋಹವನ್ನ ನೋಡು. ಪೇಂಟ್ ಯಾವಾಗ ಬೇಕಾದ್ರೂ ಹೊಸದಾಗಿ ಬಳಿಯಬಹುದು. ಈ ಮನುಷ್ಯನ ವಿಷಯದಲ್ಲೂ ನಾನು ಅದನ್ನೇ ಮಾಡ್ತೀನಿ. ಹಿಮದ ಕತೆ ಪೇಂಟ್ ಆಗಿರಬಹುದು. ಲೋಹ ಏನು ಹೇಳುತ್ತೆ ನೋಡೋಣ.

ಕಂಪನಿ ಶುರುವಾಗಿದ್ದು 1933ರಲ್ಲಿ, ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವರಿಗೆ ಹೆಸರು ತಂದುಕೊಟ್ಟ ವಸ್ತು ಕ್ವಿಕ್ ರಿಲೀಸ್. ನಮ್ಮ ಕ್ಯಾಂಪಸ್‌ನ ಎಷ್ಟೋ ಗೇರ್ ಸೈಕಲ್‌ಗಳ ಚಕ್ರದ ನಡುವೆ ಒಂದು ಸಣ್ಣ ಲಿವರ್ ಇರುತ್ತಲ್ಲ, ಅದೇ. ಚಕ್ರದ ಆಕ್ಸಲ್ ಒಳಗೆ ಟೊಳ್ಳು. ಅದರೊಳಗೆ ಒಂದು ತೆಳು ಸರಳು ಹಾದು ಹೋಗುತ್ತೆ. ಸರಳಿನ ಒಂದು ತುದಿಯಲ್ಲಿ ನಟ್, ಇನ್ನೊಂದು ತುದಿಯಲ್ಲಿ ಲಿವರ್ ಮತ್ತು ಕ್ಯಾಮ್. ಲಿವರ್ ಮಡಚಿದಾಗ ಕ್ಯಾಮ್ ಸರಳನ್ನ ಒಂದೆರಡು ಮಿಲಿಮೀಟರ್ ಎಳೆಯುತ್ತೆ. ಅಷ್ಟು ಸಾಕು, ಫ್ರೇಮ್ ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಸ್ಪ್ಯಾನರ್ ಬೇಡ, ಬೆರಳಲ್ಲಿ ಶಕ್ತಿಯೂ ಬೇಡ. ಕೈನೆಮ್ಯಾಟಿಕ್ಸ್ ಕ್ಲಾಸಲ್ಲಿ ಕ್ಯಾಮ್ ಅಂಡ್ ಫಾಲೋವರ್ ಚಿತ್ರ ಬಿಡಿಸುವಾಗ ಇದು ಯಾವ ಕೆಲಸಕ್ಕೆ ಬರುತ್ತೋ ಅಂತ ಗೊಣಗಿದ್ದೆ. ಉತ್ತರ ಸೈಕಲ್ ಸ್ಟ್ಯಾಂಡಲ್ಲೇ ಇತ್ತು.

1940ರ ದಶಕದಲ್ಲಿ ಟುಲಿಯೋ ಇದೇ ಐಡಿಯಾವನ್ನ ಗೇರಿಗೆ ತಂದ್ರು. ಅದರ ಹೆಸರು ಕಾಂಬಿಯೋ ಕೋರ್ಸಾ. ಹಿಂದಿನ ಚಕ್ರದ ಪಕ್ಕದ ಪೈಪಿನ ಮೇಲೆ ಎರಡು ಉದ್ದ ಲಿವರ್. ಓಡ್ತಾ ಇರುವಾಗಲೇ ಕೈ ಹಿಂದೆ ಹಾಕಿ ಒಂದು ಲಿವರಿಂದ ಚಕ್ರವನ್ನೇ ಸಡಿಲ ಮಾಡಬೇಕು! ಆಮೇಲೆ ಪೆಡಲ್ಲನ್ನ ಹಿಂದಕ್ಕೆ ತುಳೀತಾ ಇನ್ನೊಂದು ಲಿವರಿಂದ ಚೈನನ್ನ ಪಕ್ಕದ ಹಲ್ಲಿನ ಚಕ್ರಕ್ಕೆ ದಾಟಿಸಬೇಕು. ಚೈನ್ ಸಡಿಲ ಆದ್ರೆ ಅಥವಾ ಬಿಗಿಯಾದ್ರೆ ಚಕ್ರವೇ ಹಿಂದೆ ಮುಂದೆ ಉರುಳಿ ಸರಿ ಮಾಡ್ಕೊಳ್ಳುತ್ತೆ. ಕೊನೆಗೆ ಮತ್ತೆ ಲಿವರ್ ಬಿಗಿ ಮಾಡಬೇಕು. ಕೇಳಿದ್ರೇ ಭಯ ಆಗುತ್ತೆ. ಆದ್ರೆ ಜೀನೋ ಬಾರ್ತಾಲಿ 1948ರ ಟೂರ್ ದ ಫ್ರಾನ್ಸ್ ಗೆದ್ದಿದ್ದು ಇದೇ ಗೇರಿನಲ್ಲಿ. ಆಮೇಲೆ ಎರಡು ಲಿವರಿನ ಕೆಲಸವನ್ನ ಒಂದೇ ಲಿವರಿಗೆ ಇಳಿಸಿದ್ರು. 1950ರಲ್ಲಿ ಫೌಸ್ತೋ ಕೊಪ್ಪಿ ಅದನ್ನ ಬಳಸಿ ಪ್ಯಾರಿಸ್-ರೂಬೆ ರೇಸ್ ಗೆದ್ದಾಗ ಆ ಗೇರಿಗೆ ರೇಸಿನ ಹೆಸರನ್ನೇ ಇಟ್ರು.

ಆದ್ರೆ ಅಷ್ಟೊತ್ತಿಗೆ ಟುಲಿಯೋ ತಮ್ಮದೇ ಗೇರನ್ನ ಮೂಲೆಗೆ ತಳ್ಳೋ ಕೆಲಸ ಶುರು ಮಾಡಿದ್ರು. ಗ್ರಾನ್ ಸ್ಪೋರ್ಟ್ ಡಿರೇಲರ್‌ನ ಮಾದರಿ 1949ರಲ್ಲಿ ಹೊರಬಂತು. ಒಂದು ಕೇಬಲ್ ಎಳೆದ್ರೆ ಪ್ಯಾರಲಲೋಗ್ರಾಂ ಆಕಾರದ ನಾಲ್ಕು ಕೊಂಡಿಗಳು ವಾಲಿ ಚೈನನ್ನ ಪಕ್ಕಕ್ಕೆ ಸರಿಸುತ್ತವೆ. ಈ ಐಡಿಯಾ ಅವರೇ ಮೊದಲು ಕಂಡುಹಿಡಿದಿದ್ದಲ್ಲ. ಫ್ರಾನ್ಸ್‌ನಲ್ಲಿ ನಿವೆಕ್ಸ್ ಅನ್ನೋ ಡಿರೇಲರ್ 1930ರ ದಶಕದಲ್ಲೇ ಹೀಗೆ ಕೆಲಸ ಮಾಡ್ತಿತ್ತು. ಟುಲಿಯೋ ಮಾಡಿದ್ದು ಅದನ್ನ ರೇಸಿನ ಹೊಡೆತ ತಡೆಯೋ ಹಾಗೆ, ಧೂಳು ಮಳೆಯಲ್ಲಿ ಕೈ ಕೊಡದ ಹಾಗೆ, ಸವೆದ ಭಾಗ ಮಾತ್ರ ಬದಲಿಸೋಕೆ ಬರೋ ಹಾಗೆ ಕಟ್ಟಿದ್ದು. ನನ್ನ ಪ್ರಕಾರ ಅದು ಕಂಡುಹಿಡಿಯೋದಕ್ಕಿಂತ ಕಡಿಮೆ ಕೆಲಸ ಏನಲ್ಲ.

1963ರಲ್ಲಿ ರೆಕಾರ್ಡ್, 1967ರಲ್ಲಿ ಅಲ್ಯೂಮಿನಿಯಂನ ನುವೋವೋ ರೆಕಾರ್ಡ್. ಎಡ್ಡಿ ಮರ್ಕ್ಸ್ ಗೆದ್ದ ಐದು ಟೂರ್‌ಗಳಲ್ಲೂ, 1972ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿಸಿದ ದಾಖಲೆಯಲ್ಲೂ ಇದ್ದಿದ್ದು ಟುಲಿಯೋ ಕಾರ್ಖಾನೆಯ ಪಾರ್ಟ್‌ಗಳೇ. ಅದೇ ಕಾರ್ಖಾನೆ ಲ್ಯಾಂಬೋರ್ಗಿನಿ ಮ್ಯೂರಾದಂಥ ಕಾರುಗಳಿಗೆ ಮೆಗ್ನೀಷಿಯಂ ಚಕ್ರ ಎರಕ ಹೊಯ್ತು. 1966ರಲ್ಲಿ ವೈನ್ ಬಾಟಲಿಯ ಬಿರಡೆ ತೆಗೆಯೋ ಒಂದು ದೊಡ್ಡ ಸಾಧನವನ್ನೂ ಮಾಡಿದ್ರು. ಬಿಗಿಯಾಗಿ ಕೂತಿರೋದನ್ನ ಸುಲಭವಾಗಿ ಬಿಚ್ಚೋದು ಹೇಗೆ ಅನ್ನೋ ಪ್ರಶ್ನೆ ಅವರನ್ನ ಊಟದ ಮೇಜಲ್ಲೂ ಬಿಡಲಿಲ್ಲ ಅನ್ಸುತ್ತೆ.

ಈಗ ಲೋಹದ ವಿಷಯ. ನಿಮಗೆ ಎಲ್ಲಾದ್ರೂ ಹಳೇ ಸ್ಟೀಲ್ ರೋಡ್ ಬೈಕ್ ಸಿಕ್ತು, ಫ್ರೇಮಿನ ಮೇಲೆ ಹೆಸರು ಅಳಿಸಿ ಹೋಗಿದೆ ಅಂದ್ಕೊಳ್ಳಿ. ಟುಲಿಯೋ ಬಿಟ್ಟು ಹೋದ ಗುರುತುಗಳು ಸಹಾಯ ಮಾಡ್ತವೆ. ನುವೋವೋ ರೆಕಾರ್ಡ್ ಹಿಂದಿನ ಡಿರೇಲರ್ ಮೇಲೆ ಪೇಟೆಂಟ್ ಅನ್ನೋ ಪದ ಕೆತ್ತಿರುತ್ತೆ. ಅದರ ಮುಂದೆ 72 ಅಂತಿದ್ರೆ ಆ ಪಾರ್ಟ್ 1972ರದ್ದು. ಪದ ಮಾತ್ರ ಇದ್ದು ಅಂಕಿ ಇಲ್ಲ ಅಂದ್ರೆ 1970ಕ್ಕಿಂತ ಹಿಂದಿನದು. ಪೆಡಲ್ ಕ್ರ್ಯಾಂಕಿನ ಐದು ಬೋಲ್ಟುಗಳ ವೃತ್ತದ ವ್ಯಾಸ ಅಳೆಯಿರಿ. 151 ಮಿಲಿಮೀಟರ್ ಬಂದ್ರೆ ಮೊದಮೊದಲ ರೆಕಾರ್ಡ್, 144 ಬಂದ್ರೆ ಅದರ ನಂತರದ್ದು. ಬ್ರೆವ್ ಅಂತ ಕೆತ್ತಿದ್ರೆ ಅದು ಮಾಡೆಲ್ ಹೆಸರಲ್ಲ. ಇಟಾಲಿಯನ್‌ನಲ್ಲಿ ಪೇಟೆಂಟ್ ಆಗಿದೆ ಅನ್ನೋದರ ಚಿಕ್ಕ ರೂಪ.

ಆದ್ರೆ ಹುಷಾರು. ಹಿಂದಿನ ಚಕ್ರ ಕೂರೋ ಡ್ರಾಪೌಟ್ ಮೇಲೆ ಕಂಪಾನ್ಯೋಲೋ ಅಂತ ಇದ್ದ ಮಾತ್ರಕ್ಕೆ ಫ್ರೇಮ್ ಅವರದ್ದು ಅಂತಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಅಮೆರಿಕದ ಫ್ರೇಮ್ ಕಟ್ಟೋರು ಆ ಡ್ರಾಪೌಟ್ ತರಿಸಿಕೊಳ್ತಿದ್ರು. ಫ್ರೇಮ್ ಎಲ್ಲಿಯದು ಅಂತ ತಿಳಿಯೋಕೆ ಪೆಡಲ್ ಆಕ್ಸಲ್ ಕೂರೋ ಬಾಟಮ್ ಬ್ರ್ಯಾಕೆಟ್ ಅಗಲ ನೋಡಬೇಕು. 70 ಮಿಲಿಮೀಟರ್, ಎರಡೂ ಕಡೆ ಬಲ ಥ್ರೆಡ್ ಅಂದ್ರೆ ಇಟಾಲಿಯನ್. 68 ಮಿಲಿಮೀಟರ್, ಚೈನ್ ಕಡೆ ಎಡ ಥ್ರೆಡ್ ಅಂದ್ರೆ ಇಂಗ್ಲಿಷ್ ಅಳತೆ. ಸೀಟ್ ಪೋಸ್ಟ್ ವ್ಯಾಸ ಕೂಡ ಮಾತಾಡುತ್ತೆ. ಹೊರಗಿನ ಪೈಪ್ 28.6, ಒಳಗೆ ಕೂರೋ ಪೋಸ್ಟ್ 27.2 ಇದ್ರೆ ಪೈಪಿನ ಗೋಡೆ ತೆಳುವಾಗಿದೆ, ಅಂದ್ರೆ ರೆನಾಲ್ಡ್ಸ್ 531 ಅಥವಾ ಕೊಲಂಬಸ್ ತರದ ಒಳ್ಳೇ ಸ್ಟೀಲ್ ಇರಬಹುದು. ಪೋಸ್ಟ್ ಅದಕ್ಕಿಂತ ತುಂಬಾ ಸಣ್ಣದಾದ್ರೆ ಗೋಡೆ ದಪ್ಪ, ಸಾಧಾರಣ ಪೈಪು. ವರ್ನಿಯರ್ ಕ್ಯಾಲಿಪರ್ ಇದ್ರೆ ಸಾಕು, ಸ್ಟಿಕ್ಕರ್ ಸುಳ್ಳು ಹೇಳ್ತಿದ್ಯಾ ಅನ್ನೋದರ ಸುಳಿವು ಸಿಗುತ್ತೆ.

ರಿಪೇರಿಗೂ ಅವರು ದಾರಿ ಬಿಟ್ಟು ಹೋಗಿದ್ದಾರೆ. ರೆಕಾರ್ಡ್ ಹಿಂದಿನ ಹಬ್ ಬಿಚ್ಚಿದ್ರೆ ಒಂದೊಂದು ಬದಿಯಲ್ಲಿ ಕಾಲು ಇಂಚಿನ ಒಂಬತ್ತು ಬಿಡಿ ಬಾಲ್‌ಗಳು. ಬಾಲ್ ಹಾಳಾದ್ರೆ ಬಾಲ್ ಬದಲಿಸಿ, ಕೋನ್ ಸವೆದ್ರೆ ಕೋನ್ ಮಾತ್ರ ಬದಲಿಸಿ. ಹಬ್ಬಿನ ನಡುವೆ ಎಣ್ಣೆ ಬಿಡೋಕೆ ಒಂದು ತೂತು, ಅದರ ಮೇಲೆ ಮುಚ್ಚೋ ಕ್ಲಿಪ್. ಮೆಕ್ಯಾನಿಕ್‌ಗಳಿಗೆ ಅಂತಲೇ ಮರದ ಪೆಟ್ಟಿಗೆಯಲ್ಲಿ ಪೂರ್ತಿ ಟೂಲ್ ಸೆಟ್ ಮಾರ್ತಿದ್ರು. ಕಂಪನಿ ಬರೀ ವಸ್ತು ಮಾರಿ ಸುಮ್ಮನಾಗಲಿಲ್ಲ, ಅದನ್ನ ಮುಂದೆ ಯಾರೋ ಬಿಚ್ಚುತ್ತಾರೆ ಅಂತ ಗೊತ್ತಿದ್ದೇ ಮಾಡ್ತು.

ಹಾಗಂತ ಎಲ್ಲ ಪರಿಪೂರ್ಣ ಅಲ್ಲ. ರೆಕಾರ್ಡ್ ಕ್ರ್ಯಾಂಕ್‌ಗಳಲ್ಲಿ ಐದು ತೋಳುಗಳು ಮುಖ್ಯ ತೋಳಿಗೆ ಸೇರೋ ಮೂಲೆಯಲ್ಲಿ ಬಿರುಕು ಬಿಡೋ ಅಭ್ಯಾಸ ಇದೆ. ಚೂಪು ಮೂಲೆ, ಸ್ಟ್ರೆಸ್ ಕಾನ್ಸನ್ಟ್ರೇಷನ್, ಫಟೀಗ್. ನಮ್ಮ ಸಿಲಬಸ್‌ನಲ್ಲೇ ಇರೋ ವಿಷಯ. ಹಳೇ ಕ್ರ್ಯಾಂಕ್ ಹಾಕೋ ಮುಂಚೆ ಆ ಮೂಲೆಯನ್ನ ತೊಳೆದು ಬೆಳಕಲ್ಲಿ ನೋಡಲೇಬೇಕು. ಗೇರ್ ಬದಲಾಗೋದ್ರಲ್ಲೂ ಜಪಾನಿನ ಸನ್‌ಟೂರ್ 1964ರಲ್ಲೇ ಓರೆ ಪ್ಯಾರಲಲೋಗ್ರಾಂ ತಂದು ಮುಂದೆ ಹೋಗಿತ್ತು. ಟುಲಿಯೋ ತಮ್ಮ ಹಳೇ ವಿನ್ಯಾಸವನ್ನ ಬಿಡಲಿಲ್ಲ. ತಮ್ಮದೇ ಕಾಂಬಿಯೋ ಕೋರ್ಸಾವನ್ನ ಒಂದು ಕಾಲದಲ್ಲಿ ಪಕ್ಕಕ್ಕಿಟ್ಟ ಮನುಷ್ಯ ಆಮೇಲೆ ಯಾಕೆ ಹಾಗೆ ಹಟ ಹಿಡಿದ್ರು ಅಂತ ನನಗೆ ಬೇಜಾರಾಗುತ್ತೆ.

1983ರ ಫೆಬ್ರವರಿಯಲ್ಲಿ ಟುಲಿಯೋ ತೀರಿಕೊಂಡ್ರು. ಅದು ಕಂಪನಿಯ ಐವತ್ತನೇ ವರ್ಷ. ಜವಾಬ್ದಾರಿ ಮಗ ವ್ಯಾಲೆಂಟಿನೋ ಹೆಗಲಿಗೆ ಬಂತು. ಅವರ ಹೆಸರಿನ ಸೈಕಲ್ ಪಾರ್ಟ್‌ಗಳು ಈಗಲೂ ತಯಾರಾಗ್ತಿವೆ. ಇಟಲಿಯ ಗಯೋಲೆ ಅನ್ನೋ ಊರಲ್ಲಿ 1997ರಿಂದ ಲೆರೋಯಿಕಾ ಅನ್ನೋ ಓಟ ನಡೆಯುತ್ತೆ. ಅಲ್ಲಿ ಮುಖ್ಯವಾಗಿ 1987ಕ್ಕಿಂತ ಹಿಂದಿನ ಸೈಕಲ್‌ಗಳಿಗೆ ಜಾಗ. ಗೇರ್ ಲಿವರ್ ಸಾಮಾನ್ಯವಾಗಿ ಫ್ರೇಮಿನ ಕೆಳಪೈಪಿನ ಮೇಲೇ ಇರಬೇಕು. ಮಣ್ಣಿನ ರಸ್ತೆಯಲ್ಲಿ ಸಾವಿರಾರು ಜನ ಓಡಿಸ್ತಾರೆ. ಅವರಲ್ಲಿ ಎಷ್ಟೋ ಜನರ ಸೈಕಲ್ಲು ಅವರಿಗಿಂತ ಹಳೇದು.

ಇದನ್ನೆಲ್ಲ ಓದಿದ ಮೇಲೆ ಈ ಸೆಮಿಸ್ಟರ್ ಪ್ರಾಜೆಕ್ಟಿನ ಡಬ್ಬಿಗೆ ನಾಲ್ಕು ಸ್ಕ್ರೂ ಹಾಕಿದ್ದೀವಿ. ಗ್ಲೂ ಗನ್ ಹಾಸ್ಟೆಲ್ ಕಪಾಟಲ್ಲೇ ಇದೆ. ಡಬ್ಬಿ ಮೊದಲಿನಷ್ಟು ನೀಟಾಗಿ ಕಾಣಲ್ಲ ಅಂತ ನಮ್ಮ ಟೀಮಲ್ಲಿ ಒಬ್ಬನ ತಕರಾರು. ಇರಲಿ. ಮುಚ್ಚಳದ ಒಳಗೆ ತಯಾರಾದ ತಿಂಗಳು, ವರ್ಷವನ್ನ ಮಾರ್ಕರ್‌ನಲ್ಲಿ ಬರೆದಿದ್ದೀನಿ. ಮುಂದೆ ಯಾವುದಾದ್ರೂ ಜೂನಿಯರ್ ಅದನ್ನ ಬಿಚ್ಚಿದ್ರೆ ಗೊತ್ತಾಗಲಿ ಅಂತ.