ಲಾವೆರಾನ್ ಕಂಡ ಕಪ್ಪು ಚುಕ್ಕೆ

ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವಾಗ ನಾನು ದಿನ ಬಿಟ್ಟು ದಿನ ಬರುವ ಚಳಿಜ್ವರದಿಂದ ಹಾಸಿಗೆ ಹಿಡಿದಿದ್ದೆ. ಆರೋಗ್ಯ ಇಲಾಖೆಯವರು ಮನೆಗೇ ಬಂದು, ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಹೋದರು. ಆ ಒಂದು ಹನಿಯಲ್ಲಿ ಏನು ಹುಡುಕುತ್ತಾರೆ ಎಂದು ಗುಣವಾದ ಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಉತ್ತರವಾಗಿ ಅವರು ಹೇಳಿದ್ದು ಅಲ್ಫೋನ್ಸ್ ಲಾವೆರಾನ್ ಎಂಬ ಫ್ರೆಂಚ್ ವೈದ್ಯರ ಕಥೆ. ಮುಂದೆ ನಾನೂ ಜೀವಶಾಸ್ತ್ರದ ಅಧ್ಯಾಪಕನಾದೆ.

ಲಾವೆರಾನ್ 1845ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ತಂದೆಯಂತೆ ಮಗನೂ ಸೈನ್ಯದ ವೈದ್ಯ. 1878ರಲ್ಲಿ ಆಲ್ಜೀರಿಯಕ್ಕೆ ವರ್ಗವಾದಾಗ ಅಲ್ಲಿನ ಆಸ್ಪತ್ರೆಗಳಲ್ಲಿ ಮಲೇರಿಯಾ ಹಿಡಿದ ಸಿಪಾಯಿಗಳೇ ತುಂಬಿದ್ದರು. ಜೌಗು ನೆಲದ ಕೆಟ್ಟ ಗಾಳಿಯೇ ಕಾರಣವೆಂದು ಜನ ನಂಬಿದ್ದ ಕಾಲ ಅದು. ಆ ಮಣ್ಣಿನ ಬ್ಯಾಕ್ಟೀರಿಯವೇ ಕಾರಣವೆಂದು ಕೆಲವು ವಿದ್ವಾಂಸರು ಸಾರಿದ್ದರು. ಈ ಜ್ವರದಿಂದ ಸತ್ತವರ ಅಂಗಗಳಲ್ಲಿ ಕಪ್ಪು ಕಣಗಳಿರುತ್ತವೆಂದು ಮೊದಲೇ ಗೊತ್ತಿತ್ತು. ಲಾವೆರಾನ್ ಅವನ್ನು ಬದುಕಿರುವವರ ಹಸಿ ರಕ್ತದಲ್ಲಿ ಹುಡುಕಿದರು.

1880ರ ನವೆಂಬರ್ 6ರಂದು ಕಾನ್‌ಸ್ಟಂಟೈನ್ ಪಟ್ಟಣದಲ್ಲಿ ಒಬ್ಬ ಸಿಪಾಯಿಯ ರಕ್ತ ನೋಡುತ್ತಿದ್ದರು. ಕಪ್ಪು ಚುಕ್ಕೆಗಳಿದ್ದ ದುಂಡನೆಯ ಕಾಯವೊಂದರ ಅಂಚಿನಲ್ಲಿ ಎಳೆಗಳು ಚಾಟಿ ಬೀಸಿದಂತೆ ಆಡುತ್ತಿದ್ದವು. ಇದು ಜೀವಿ ಎಂದು ಅವರಿಗೆ ಖಾತ್ರಿಯಾಯಿತು. ಬೇರೆಯವರಿಗೆ ಆಗಲಿಲ್ಲ. 1882ರಲ್ಲಿ ರೋಮ್‌ಗೇ ಹೋಗಿ ತೋರಿಸಿದರೂ, ಅಲ್ಲಿನ ವೈದ್ಯರಿಗೆ ಅದು ಕೆಟ್ಟುಹೋದ ರಕ್ತಕಣದಂತೆಯೇ ಕಂಡಿತು.

ಆ ಚುಕ್ಕೆಯ ಗುಟ್ಟು ಈಗ ಗೊತ್ತು. ಪರಾವಲಂಬಿ ಕೆಂಪು ರಕ್ತಕಣದೊಳಗೆ ನುಗ್ಗಿ, ತನ್ನ ಸುತ್ತ ಒಂದು ಪೊರೆಯ ಚೀಲ ಮಾಡಿಕೊಂಡು, ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿಯುವ ಹೀಮ್ ಅದಕ್ಕೇ ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ಪಕ್ಕಕ್ಕಿಡುತ್ತದೆ. ಆ ಹರಳೇ ಕಪ್ಪು ಚುಕ್ಕೆ. ನನಗೆ ಕೊಟ್ಟ ಕಹಿ ಮಾತ್ರೆ ಕ್ಲೋರೋಕ್ವಿನ್ ತಡೆಯುವುದು ಹರಳುಗಟ್ಟುವ ಈ ಕೆಲಸವನ್ನೇ. ತಿಂದ ಊಟವೇ ಪರಾವಲಂಬಿಯನ್ನು ಕೊಲ್ಲುತ್ತದೆ! ತಡೆಯದಿದ್ದರೆ ಒಂದು ಹತ್ತಿಪ್ಪತ್ತಾಗಿ, ರಕ್ತಕಣ ಒಡೆದು, ಮರಿಗಳು ಹೊಸ ಕಣಗಳಿಗೆ ನುಗ್ಗುತ್ತವೆ. ನನ್ನ ಜ್ವರದ ಬಗೆಯಲ್ಲಿ ಇದಕ್ಕೆ ಸುಮಾರು 48 ಗಂಟೆ. ಒಡೆಯುವ ಹೊತ್ತಿಗೆ ಸರಿಯಾಗಿ ಚಳಿ ಏರುತ್ತದೆಂದು ಇಟಲಿಯ ಗಾಲ್ಜಿ ತೋರಿಸಿಕೊಟ್ಟ ಮೇಲೆ ಲಾವೆರಾನ್ ವಿರೋಧಿಗಳು ತಣ್ಣಗಾದರು.

ಸೊಳ್ಳೆಯ ಪಾತ್ರ ಹೊರಬಿದ್ದದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಅವರಿಂದ. ರಾಸ್‌ಗೆ 1902ರಲ್ಲೇ ನೊಬೆಲ್ ಬಂತು, ಲಾವೆರಾನ್‌ಗೆ 1907ರಲ್ಲಿ. ಈ ಹಿಂದುಮುಂದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅಷ್ಟರಲ್ಲಿ ಅವರು ಸೈನ್ಯ ಬಿಟ್ಟು ಪ್ಯಾಸ್ಟರ್ ಸಂಸ್ಥೆ ಸೇರಿ ಹತ್ತು ವರ್ಷವಾಗಿತ್ತು. ಬಹುಮಾನದ ಅರ್ಧ ಹಣವನ್ನು ಉಷ್ಣವಲಯದ ರೋಗಗಳ ಪ್ರಯೋಗಾಲಯ ಕಟ್ಟಲು ಅಲ್ಲಿಗೇ ಕೊಟ್ಟು, 1922ರಲ್ಲಿ ತೀರಿಕೊಂಡರು.